ಬೆಂಗಳೂರು ಹತ್ತಿರವಾದಷ್ಟೂ ನಮ್ಮೂರಿಗೆ ಒಳ್ಳೆಯದೇ? ಪಾಲ್ ಕ್ರುಗ್‌ಮನ್ ಅವರನ್ನು ಕೋಲಾರದಲ್ಲಿ ಕೂತು ಓದಿದಾಗ

ಕೋಲಾರದ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಡಿಗ್ರಿ ಮುಗಿಸಿ ಹೋದ ವಿದ್ಯಾರ್ಥಿಗಳನ್ನು ಮತ್ತೆ ನೋಡಬೇಕೆಂದರೆ ಬೆಳಗಿನ ಜಾವ ಬಸ್‌ ಸ್ಟ್ಯಾಂಡಿಗೆ ಹೋಗಬೇಕು. ಆರು ಗಂಟೆಯೊಳಗೆ ಅವರು ಬೆಂಗಳೂರಿನ ಬಸ್ಸಿನಲ್ಲೋ ನರಸಾಪುರದ ಫ್ಯಾಕ್ಟರಿ ಬಸ್ಸಿನಲ್ಲೋ ಕೂತಿರುತ್ತಾರೆ. ಅತ್ತ ಮಾರಿಕುಪ್ಪಂನಿಂದ ಹೊರಟ ರೈಲು ಕೆಜಿಎಫ್, ಬಂಗಾರಪೇಟೆ, ಮಾಲೂರಿನವರನ್ನು ತುಂಬಿಕೊಂಡು ನಗರದ ಕಡೆ ಓಡುತ್ತಿರುತ್ತದೆ. ತುಮಕೂರಿನಲ್ಲೂ ಇದೇ, ಚಿಕ್ಕಬಳ್ಳಾಪುರದಲ್ಲೂ ಇದೇ. ಮೂರೂ ಊರು ಬೆಂಗಳೂರಿನಿಂದ ಹೆಚ್ಚುಕಡಿಮೆ 60ರಿಂದ 70 ಕಿಲೋಮೀಟರ್. ಬೆಳಿಗ್ಗೆ ಹೋಗಿ ರಾತ್ರಿ ಬರಬಹುದಾದ ದೂರ.

ಈ ದೂರವನ್ನು ಇನ್ನಷ್ಟು ಕಡಿಮೆ ಮಾಡುವ ಮಾತು ಈಗ ಎಲ್ಲೆಲ್ಲೂ ನಡೆದಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆಜಿಎಫ್ ಕಡೆಗಿನ ಸುಮಾರು 71 ಕಿಲೋಮೀಟರ್, 2024ರ ಕೊನೆಯಿಂದ ವಾಹನಗಳಿಗೆ ತೆರೆದಿದೆ. ತುಮಕೂರಿಗೆ ಮೆಟ್ರೊ ತರುವ ಪ್ರಸ್ತಾಪ ಕಡತದಿಂದ ಕಡತಕ್ಕೆ ಮುಂದುವರಿಯುತ್ತಿದೆ. 2025ರಲ್ಲಿ ರಾಮನಗರ ಬೆಂಗಳೂರು ದಕ್ಷಿಣವಾಯಿತು. ಅದೇ ವರ್ಷದ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸಭೆ ಸೇರಿದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರ ಎಂದು ಕರೆಯಲು ಒಪ್ಪಿತು. ತುಮಕೂರಿಗೂ ಬೆಂಗಳೂರಿನ ಹೆಸರು ಸೇರಿದರೆ ಬಂಡವಾಳ ಬರುತ್ತದೆ ಎಂಬ ವಾದವೂ ಕೇಳಿಬಂತು. ಎಲ್ಲದರ ಹಿಂದಿರುವ ನಂಬಿಕೆ ಒಂದೇ: ಬೆಂಗಳೂರು ಹತ್ತಿರವಾದಷ್ಟೂ ನಮ್ಮೂರು ಉದ್ಧಾರವಾಗುತ್ತದೆ.

ಆ ನಂಬಿಕೆ ಅರ್ಧ ಮಾತ್ರ ನಿಜ ಎಂಬುದು ನನ್ನ ವಾದ. ಅದನ್ನು ನನಗೆ ತಿಳಿಸಿಕೊಟ್ಟವರು ಕೋಲಾರವನ್ನು ಕಾಣದ ಒಬ್ಬ ಅಮೆರಿಕದ ಅರ್ಥಶಾಸ್ತ್ರಜ್ಞ, ಪಾಲ್ ಕ್ರುಗ್‌ಮನ್. ನಮ್ಮ ಪತ್ರಿಕೆಗಳಲ್ಲಿ ಅವರ ಹೆಸರು ಬರುವುದು ಹೆಚ್ಚಾಗಿ ಅಮೆರಿಕದ ರಾಜಕೀಯದ ಸುದ್ದಿಯಲ್ಲಿ. ಅವರಿಗೆ 2008ರ ನೊಬೆಲ್ ಬಂದದ್ದು ಯಾವುದಕ್ಕೆ ಎಂದು ಕೇಳಿದರೆ ಎಂ.ಎ. ವಿದ್ಯಾರ್ಥಿಗಳೂ ತಡವರಿಸುತ್ತಾರೆ. ಅದು ಬಂದದ್ದು ಎರಡು ಪ್ರಶ್ನೆಗಳನ್ನು ಒಂದೇ ಉತ್ತರದಿಂದ ಬಿಡಿಸಿದ್ದಕ್ಕೆ: ಯಾವ ದೇಶ ಏನನ್ನು ಮಾರುತ್ತದೆ, ಯಾವ ಕೆಲಸ ಯಾವ ಊರಿನಲ್ಲಿ ಬೇರು ಬಿಡುತ್ತದೆ. ಎರಡನೆಯ ಪ್ರಶ್ನೆ ನೇರವಾಗಿ ನಮ್ಮದು.

ತಿರಸ್ಕಾರದಿಂದ ಆರಂಭವಾದ ದಾರಿ

ಕ್ರುಗ್‌ಮನ್ ಹುಟ್ಟಿದ್ದು 1953ರಲ್ಲಿ, ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ. ಸಮಾಜದ ನಾಳೆಯನ್ನು ಗಣಿತದಿಂದ ಊಹಿಸುವ ಪಂಡಿತರ ಕತೆಯಿದ್ದ ವಿಜ್ಞಾನ ಕಾದಂಬರಿಗಳನ್ನು ಹುಡುಗನಾಗಿದ್ದಾಗ ಓದಿ, ಅದಕ್ಕೆ ಹತ್ತಿರದ ವಿದ್ಯೆ ಎಂದು ಅರ್ಥಶಾಸ್ತ್ರಕ್ಕೆ ಬಂದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಯೇಲ್‌ನಲ್ಲಿ ಪದವಿ, 1977ರಲ್ಲಿ ಎಂಐಟಿಯಿಂದ ಡಾಕ್ಟರೇಟ್.

ಆ ಕಾಲದ ಪಠ್ಯಗಳಲ್ಲಿ ವ್ಯಾಪಾರಕ್ಕೆ ಒಂದೇ ಕಾರಣವಿತ್ತು: ವ್ಯತ್ಯಾಸ. ನನ್ನಲ್ಲಿ ಇರುವುದು ನಿನ್ನಲ್ಲಿ ಇಲ್ಲ, ಆದ್ದರಿಂದ ಕೊಟ್ಟು ತೆಗೆದುಕೊಳ್ಳೋಣ. ಕೋಲಾರದ ಕೆಂಪು ಮಣ್ಣಿನ ಟೊಮೆಟೊ ಒಂದು ಕಡೆ, ಮಂಡ್ಯದ ನಾಲೆ ನೀರಿನ ಕಬ್ಬು ಇನ್ನೊಂದು ಕಡೆ ಎಂಬ ಹಾಗೆ. ಆದರೆ ಎರಡನೇ ಮಹಾಯುದ್ಧದ ನಂತರ ಜಗತ್ತಿನ ವ್ಯಾಪಾರದ ಬಹುಪಾಲು ಒಂದೇ ತೆರನಾದ ಶ್ರೀಮಂತ ದೇಶಗಳ ನಡುವೆಯೇ ನಡೆಯುತ್ತಿತ್ತು. ಜರ್ಮನಿ ಫ್ರಾನ್ಸಿಗೆ ಕಾರು ಮಾರುತ್ತದೆ, ಫ್ರಾನ್ಸ್ ಜರ್ಮನಿಗೆ ಕಾರು ಮಾರುತ್ತದೆ. ಹಳೆಯ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಕ್ರುಗ್‌ಮನ್ ಕೊಟ್ಟ ಉತ್ತರ ಕೇಳಲು ಸರಳ. ಒಂದೇ ವಸ್ತುವನ್ನು ಹೆಚ್ಚು ಹೆಚ್ಚು ಮಾಡಿದಷ್ಟೂ ಒಂದೊಂದರ ಖರ್ಚು ಇಳಿಯುತ್ತದೆ. ಕೊಳ್ಳುವವರಿಗೋ ಬಗೆಬಗೆಯದು ಬೇಕು. ಹಾಗಾಗಿ ಪ್ರತಿ ದೇಶವೂ ಕೆಲವೇ ಬಗೆಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ, ಉಳಿದವನ್ನು ಬೇರೆ ಕಡೆಯಿಂದ ತರಿಸಿಕೊಳ್ಳುತ್ತದೆ. ಯಾವ ದೇಶ ಯಾವುದನ್ನು ಮಾಡುತ್ತದೆ ಎಂಬುದು ಎಷ್ಟೋ ಸಲ ಮಣ್ಣಿನ ಗುಣದಿಂದ ತೀರ್ಮಾನವಾಗುವುದಿಲ್ಲ, ಯಾರು ಮೊದಲು ಶುರು ಮಾಡಿದರು ಎಂಬುದರಿಂದ ಆಗುತ್ತದೆ.

ಈ ಲೆಕ್ಕಕ್ಕೆ ಬೇಕಾದ ಗಣಿತದ ಚೌಕಟ್ಟನ್ನು 1977ರಲ್ಲಿ ಕೊಟ್ಟವರಲ್ಲಿ ಒಬ್ಬರು ಮುಂಬೈಯಲ್ಲಿ ಹುಟ್ಟಿದ ಅವಿನಾಶ್ ದೀಕ್ಷಿತ್, ಇನ್ನೊಬ್ಬರು ಜೋಸೆಫ್ ಸ್ಟಿಗ್ಲಿಟ್ಜ್. ಕ್ರುಗ್‌ಮನ್ ಬರೆದ ಪ್ರಬಂಧವನ್ನು ಮೊದಲು ಒಂದು ದೊಡ್ಡ ನಿಯತಕಾಲಿಕ ತಿರಸ್ಕರಿಸಿತು. 1979ರಲ್ಲಿ ಅದನ್ನು ಅಚ್ಚು ಹಾಕಿಸಿದ್ದು ಅಂತರರಾಷ್ಟ್ರೀಯ ಅರ್ಥಶಾಸ್ತ್ರದ ಪತ್ರಿಕೆಯೊಂದರ ಸಂಪಾದಕರಾಗಿದ್ದ ಜಗದೀಶ್ ಭಗವತಿ. ಪರಿಶೀಲಕರಿಬ್ಬರೂ ಬೇಡವೆಂದ ಮೇಲೂ ಅವರು ಅದನ್ನು ಪ್ರಕಟಿಸಿದರು. ಪ್ರಬಂಧ ತಿರಸ್ಕೃತವಾಗಿ ಮುಖ ಸಪ್ಪಗೆ ಮಾಡಿಕೊಂಡು ಬರುವ ಸಂಶೋಧನಾ ವಿದ್ಯಾರ್ಥಿಗಳಿಗೆ ನಾನು ಈ ಕತೆಯನ್ನು ಹೇಳುತ್ತಲೇ ಇರುತ್ತೇನೆ.

ಮದುವೆಯ ಉಡುಗೊರೆ, ಶಿಡ್ಲಘಟ್ಟದ ಗೂಡು

1991ರಲ್ಲಿ ಕ್ರುಗ್‌ಮನ್ ಅದೇ ತರ್ಕವನ್ನು ದೇಶದ ಒಳಗೆ, ಊರುಗಳ ನಡುವೆ ಇಟ್ಟು ನೋಡಿದರು. ಅದನ್ನು ವಿವರಿಸಲು ಅವರು ಆರಿಸಿಕೊಂಡ ಉದಾಹರಣೆ ಜಾರ್ಜಿಯಾ ರಾಜ್ಯದ ಡಾಲ್ಟನ್ ಎಂಬ ಸಣ್ಣ ಊರು. 1895ರಲ್ಲಿ ಅಲ್ಲಿನ ಕ್ಯಾಥರಿನ್ ಇವಾನ್ಸ್ ಎಂಬ ಹದಿಹರೆಯದ ಹುಡುಗಿ ಮದುವೆಯ ಉಡುಗೊರೆಗೆಂದು ಕುಚ್ಚು ಹಾಕಿದ ಹಾಸಿಗೆ ಹೊದಿಕೆಯೊಂದನ್ನು ಕೈಯಲ್ಲಿ ಮಾಡಿದಳು. ನೋಡಿದವರು ನಮಗೂ ಬೇಕೆಂದರು. ಅಕ್ಕಪಕ್ಕದ ಹೆಂಗಸರು ಕಲಿತರು. ನೂಲು ಮಾರುವವರು ಬಂದರು, ಯಂತ್ರ ರಿಪೇರಿಯವರು ಬಂದರು, ಬಣ್ಣದವರು ಬಂದರು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಡಾಲ್ಟನ್ ಅಮೆರಿಕದ ಕಾರ್ಪೆಟ್ ರಾಜಧಾನಿಯಾಯಿತು. ಆ ಊರಿನ ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಕಾರ್ಪೆಟ್ ಇರಲಿಲ್ಲ. ಇದ್ದದ್ದು ಒಂದು ಆಕಸ್ಮಿಕ, ಅದರ ಸುತ್ತ ಹೆಣೆದುಕೊಂಡ ಬಲೆ.

ಇದನ್ನು ಓದಿದಾಗ ನನಗೆ ಕಣ್ಣಿಗೆ ಕಟ್ಟಿದ್ದು ಶಿಡ್ಲಘಟ್ಟ. ಹಿಪ್ಪುನೇರಳೆ ರಾಜ್ಯದ ಎಷ್ಟೋ ಕಡೆ ಬೆಳೆಯುತ್ತದೆ. ಹುಳು ಸಾಕಲು ಬೇಕಾದ ಹವೆ ಇಲ್ಲಿಗೆ ಮಾತ್ರ ಮೀಸಲಲ್ಲ. ಆದರೂ ದೂರದೂರದ ರೈತರು ಗೂಡು ತುಂಬಿಕೊಂಡು ಇಲ್ಲಿಗೇ ಬರುತ್ತಾರೆ, ಏಕೆಂದರೆ ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳು ಇಲ್ಲೇ ಇದ್ದಾರೆ. ರೀಲರುಗಳು ಇಲ್ಲೇ ಇರುವುದು ಗೂಡು ಇಲ್ಲಿಗೆ ಬರುತ್ತದೆ ಎಂದು. ಅವರ ಸುತ್ತ ಚಾಕಿ (ಎಳೆಯ ಹುಳು) ಸಾಕಣೆಯವರು, ಮೊಟ್ಟೆ ಮಾರುವವರು, ಹುಳು ಗೂಡು ಕಟ್ಟುವ ಚಂದ್ರಿಕೆಯನ್ನು ಬಾಡಿಗೆಗೆ ಕೊಡುವವರು, ನೂಲು ಹುರಿ ಮಾಡುವವರು, ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶವನ್ನೂ ಕೊಂಡೊಯ್ಯುವವರು. ಗೂಡನ್ನು ಕೈಯಲ್ಲಿ ಹಿಡಿದು ಅಲುಗಿಸಿ ಕಿವಿಗೆ ಹಿಡಿದರೆ ಎಷ್ಟು ನೂಲು ಬರುತ್ತದೆ ಎಂದು ಅಂದಾಜು ಹೇಳುವ ಜಾಣತನ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ. ಅದು ಆ ಊರಿನ ಗಾಳಿಯಲ್ಲಿದೆ. ಇಂಥ ಊರಿನಿಂದ ಒಬ್ಬ ರೀಲರನ್ನು ಕಿತ್ತು ಬೇರೆ ಕಡೆ ನೆಟ್ಟರೆ ಅವನು ಬದುಕುವುದು ಕಷ್ಟ.

ಕೆಜಿಎಫ್ ಇದಕ್ಕೆ ತದ್ವಿರುದ್ಧ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಿದ್ದು ಆ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬರುವ ಮುಂಚೆಯೇ ಅಲ್ಲಿ ಬೆಳಕಿತ್ತು. ಕ್ಲಬ್ಬು, ಆಸ್ಪತ್ರೆ, ಶಾಲೆ ಎಲ್ಲ ಇತ್ತು. ಆದರೆ ಆ ಊರನ್ನು ಹಿಡಿದಿಟ್ಟಿದ್ದು ನೆಲದಡಿಯ ಅದಿರು ಮಾತ್ರ. ಅದಿರು ತೆಗೆಯುವುದು ಗಿಟ್ಟದೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸುತ್ತ ಹೆಣೆದುಕೊಂಡ ಸಣ್ಣ ಉದ್ಯಮಗಳ ಬಲೆ ಇರಲಿಲ್ಲವಾದ್ದರಿಂದ ಊರಿಗೆ ಉಳಿದದ್ದು ಬಿಇಎಂಎಲ್ ಕಾರ್ಖಾನೆ ಮತ್ತು ಬೆಳಗಿನ ರೈಲು. ಒಂದೇ ಸೀಮೆಯ ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕ್ರುಗ್‌ಮನ್ ಅವರ ಸಮೀಕರಣಗಳೇ ಬೇಕಾಗುವುದಿಲ್ಲ.

ರಸ್ತೆ ಯಾರ ಕಡೆ ಹರಿಯುತ್ತದೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1991ರ ಅವರ ಪ್ರಬಂಧದಲ್ಲಿ ಎರಡು ಪ್ರದೇಶಗಳಿವೆ. ಎರಡರಲ್ಲೂ ರೈತರಿದ್ದಾರೆ, ಅವರು ಭೂಮಿ ಬಿಟ್ಟು ಹೋಗಲಾರರು. ಕಾರ್ಖಾನೆಯ ಕೆಲಸಗಾರರು ಎಲ್ಲಿ ಬೇಕಾದರೂ ಹೋಗಬಲ್ಲರು. ಒಂದು ಕಡೆ ಸ್ವಲ್ಪ ಹೆಚ್ಚು ಕಾರ್ಖಾನೆಗಳಿದ್ದರೆ ಅಲ್ಲಿ ಕೊಳ್ಳುವವರು ಹೆಚ್ಚು. ಕೊಳ್ಳುವವರು ಹೆಚ್ಚಿದ್ದಲ್ಲಿ ಹೊಸ ಕಾರ್ಖಾನೆ ಇಡಲು ಲಾಭ. ಕಾರ್ಖಾನೆ ಬಂದಂತೆ ಕೆಲಸಗಾರರು ಬರುತ್ತಾರೆ, ಬಗೆಬಗೆಯ ವಸ್ತು ಅಲ್ಲೇ ಸಿಗುವುದರಿಂದ ಅವರಿಗೆ ಬದುಕು ಅಗ್ಗ. ಸುಳಿ ತಾನಾಗಿಯೇ ತಿರುಗತೊಡಗುತ್ತದೆ. ಕರ್ನಾಟಕದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತಿರುವುದು ಈ ಸುಳಿಯಿಂದ.

ಈ ಸುಳಿಗೆ ಸಾಗಣೆಯ ಖರ್ಚು ಏನು ಮಾಡುತ್ತದೆ? ಕ್ರುಗ್‌ಮನ್ ಮತ್ತು ಅವರ ಜೊತೆ ಕೆಲಸ ಮಾಡಿದ ಆಂಥನಿ ವೆನಬಲ್ಸ್ ಇಲ್ಲಿ ತೋರಿಸಿಕೊಟ್ಟದ್ದನ್ನು ನಮ್ಮ ಯೋಜನಾ ವರದಿಗಳನ್ನು ಬರೆಯುವವರು ಒಮ್ಮೆಯಾದರೂ ಓದಬೇಕಿತ್ತು. ದಾರಿ ತುಂಬ ಕೆಟ್ಟದಾಗಿದ್ದಾಗ ಪ್ರತಿ ಊರೂ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಎತ್ತಿನ ಗಾಡಿಯ ಕಾಲದಲ್ಲಿ ಹೋಬಳಿಗೊಂದು ಗಾಣ, ಒಂದು ಮಗ್ಗದ ಕೇರಿ, ಒಂದು ಕಮ್ಮಾರನ ಕುಲುಮೆ ಇದ್ದದ್ದು ಹಾಗೆ. ದಾರಿ ಒಂದಿಷ್ಟು ಸುಧಾರಿಸಿದಾಗ ನಡೆಯುವುದೇ ಬೇರೆ. ದೊಡ್ಡ ಊರಿನ ಅಗ್ಗದ ಮಾಲು ಸಣ್ಣ ಊರಿಗೆ ಸಲೀಸಾಗಿ ಬಂದು ಬೀಳುತ್ತದೆ. ಸಣ್ಣ ಊರಿನ ತಯಾರಕ ಮುಚ್ಚಿಕೊಂಡು ದೊಡ್ಡ ಊರಿಗೆ ಹೋಗುತ್ತಾನೆ. ದಾರಿ ಮತ್ತೂ ಸುಧಾರಿಸಿ, ದೊಡ್ಡ ಊರಿನ ಜಾಗದ ಬೆಲೆ, ಬಾಡಿಗೆ, ಸಂಬಳ ಎಲ್ಲ ತಡೆಯಲಾರದಷ್ಟು ಏರಿದ ಮೇಲೆ ಮಾತ್ರ ಉದ್ಯಮಗಳು ಹೊರಗಿನ ಕಡೆ ಮುಖ ಮಾಡುತ್ತವೆ. ಅಂದರೆ ಅಪಾಯ ಇರುವುದು ನಡುವಿನ ಹಂತದಲ್ಲಿ. ಅರ್ಧ ಒಳ್ಳೆಯ ರಸ್ತೆ ಊರನ್ನು ಕಟ್ಟುವುದಕ್ಕಿಂತ ಖಾಲಿ ಮಾಡುವುದೇ ಹೆಚ್ಚು.

ನಾವು ಈಗ ಯಾವ ಹಂತದಲ್ಲಿದ್ದೇವೆ? ನನ್ನ ಅಂದಾಜಿನಲ್ಲಿ ಎರಡರಿಂದ ಮೂರಕ್ಕೆ ಕಾಲಿಡುತ್ತಿದ್ದೇವೆ, ಆದರೆ ಒಂದೇ ಕಾಲು. ನರಸಾಪುರ, ವೇಮಗಲ್‌ಗಳಲ್ಲಿ ಕೈಗಾರಿಕಾ ಪ್ರದೇಶ ಬಂದಿದೆ. ಹೋಂಡಾ ಬೈಕ್ ಮತ್ತು ಸ್ಕೂಟರ್ ನರಸಾಪುರದಲ್ಲಿ ತಯಾರಾಗುತ್ತದೆ. ವಿಸ್ಟ್ರಾನ್ ಶುರು ಮಾಡಿ ಟಾಟಾ ಕೈಗೆ ಬಂದ ಐಫೋನ್ ಘಟಕವೂ ಅಲ್ಲೇ ಇದೆ. ತುಮಕೂರಿನ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಇದೆ, ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ಒಂದು ನೋಡ್ (ಕೈಗಾರಿಕಾ ಕೇಂದ್ರ) ಇದೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಇವುಗಳನ್ನು ಸಣ್ಣದೆಂದು ತಳ್ಳಿಹಾಕಲಾರೆ. ನರಸಾಪುರದ ಸಾಲಿನಲ್ಲಿ ನಿಂತು ಫೋನಿನ ಬಿಡಿಭಾಗ ಜೋಡಿಸುವ ಹುಡುಗಿಯರಲ್ಲಿ ನನ್ನ ವಿದ್ಯಾರ್ಥಿನಿಯರಿದ್ದಾರೆ. ತಮ್ಮ ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲ ಹೆಣ್ಣುಮಕ್ಕಳು ಅವರು.

ಆದರೆ ಹೊರಗೆ ಬರುವುದು ಏನು, ಒಳಗೆ ಉಳಿಯುವುದು ಏನು ಎಂದು ನೋಡಬೇಕು. ಜಾಗ ಬೇಡುವ, ಕೈ ಬೇಡುವ ಜೋಡಣೆ ಹೊರಗೆ ಬರುತ್ತದೆ. ವಿನ್ಯಾಸ, ಹಣಕಾಸು, ಖರೀದಿಯ ತೀರ್ಮಾನ, ದೊಡ್ಡ ಸಂಬಳ ಒಳಗೆ ಉಳಿಯುತ್ತವೆ, ಇಲ್ಲವೇ ಇನ್ನೂ ದೂರದ ದೇಶದಲ್ಲಿ. ಕಾರ್ಖಾನೆಗೆ ಬೇಕಾದ ಮೊಳೆಯಿಂದ ಹಿಡಿದು ಊಟದ ಗುತ್ತಿಗೆಯವರೆಗೆ ಎಷ್ಟು ಕೋಲಾರದವರಿಂದ ಬರುತ್ತದೆ? ಶಿಡ್ಲಘಟ್ಟದಂಥ ಬಲೆ ನರಸಾಪುರದ ಸುತ್ತ ಹೆಣೆದುಕೊಂಡಿದೆಯೇ? ಕೆಲಸಗಾರರಲ್ಲಿ ಎಷ್ಟೋ ಜನ ಗುತ್ತಿಗೆದಾರರ ಮೂಲಕ ಬಂದವರು. 2020ರ ಡಿಸೆಂಬರ್‌ನಲ್ಲಿ ಸಂಬಳದ ವಿಚಾರಕ್ಕೆ ಅಲ್ಲಿನ ಐಫೋನ್ ಘಟಕದಲ್ಲಿ ನಡೆದ ಗಲಭೆಯ ಹಿಂದೆ ಇದ್ದ ಅಸಮಾಧಾನವೂ ಅದೇ. ಬಲೆ ಇಲ್ಲದ ದೊಡ್ಡ ಕಾರ್ಖಾನೆ ಕೆಜಿಎಫ್‌ನ ಗಣಿಗೆ ಹತ್ತಿರ, ಶಿಡ್ಲಘಟ್ಟಕ್ಕೆ ದೂರ. ತುಮಕೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಸೈರನ್ ಕೇಳಿ ಬೆಳೆದವರು ಇನ್ನೂ ಇದ್ದಾರೆ, ಕಾರ್ಖಾನೆ ಇಲ್ಲ.

ಸುಳಿಯನ್ನು ನಿಧಾನಿಸುವ ಶಕ್ತಿ ಕ್ರುಗ್‌ಮನ್ ತರ್ಕದ ಈ ಮೂರನೇ ಹಂತದಲ್ಲಿ ಮುಖ್ಯವಾಗಿ ಒಂದು: ದಟ್ಟಣೆಯ ಬೆಲೆ. ನಗರ ತನ್ನ ದಟ್ಟಣೆಗೆ ತಾನೇ ಬೆಲೆ ತೆತ್ತಾಗ ಉದ್ಯಮಗಳು ಹೊರಗೆ ಹೋಗುತ್ತವೆ. ಆದರೆ ಆ ಬೆಲೆಯನ್ನು ಅಕ್ಕಪಕ್ಕದವರು ಹೊತ್ತುಕೊಂಡರೆ? 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಶುದ್ಧೀಕರಣವಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 440 ದಶಲಕ್ಷ ಲೀಟರ್. ಹೆಬ್ಬಾಳ–ನಾಗವಾರ ಕಣಿವೆಯದು ಚಿಕ್ಕಬಳ್ಳಾಪುರದ ಕೆರೆಗಳಿಗೆ. ವರ್ಷವಿಡೀ ಹರಿಯುವ ನದಿ ಇಲ್ಲದ, ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಬತ್ತುತ್ತಿದ್ದ ಸೀಮೆಯಲ್ಲಿ ಕೆರೆ ತುಂಬಿದ್ದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಆದರೂ ಮೂರನೇ ಹಂತದ ಶುದ್ಧೀಕರಣ ಬೇಕೆಂದು ನಮ್ಮ ರೈತರು ವರ್ಷಗಳಿಂದ ಕೇಳುತ್ತಿರುವುದು ನ್ಯಾಯವಾಗಿದೆ. ನಗರವೊಂದು ತನ್ನ ಕೊಳಚೆಯನ್ನು ಪೂರ್ತಿ ತೊಳೆಯುವ ಖರ್ಚನ್ನು ಉಳಿಸಿಕೊಂಡರೆ, ಆ ಉಳಿತಾಯ ಸುಳಿಗೆ ಇನ್ನಷ್ಟು ಬಲ ಕೊಡುತ್ತದೆ. ಪಾವಗಡದ 13,000 ಎಕರೆಯ ಸೋಲಾರ್ ಪಾರ್ಕಿನ ವಿದ್ಯುತ್ತಿನ ವಿಚಾರವನ್ನೂ ಇದೇ ಲೆಕ್ಕದಲ್ಲಿ ನೋಡಬೇಕು: ಜಮೀನು ಇಲ್ಲಿಯದು, ಎಕರೆಗೆ ಬಾಡಿಗೆ ಇಲ್ಲಿಗೆ, ಅದರಿಂದ ಓಡುವ ಯಂತ್ರಗಳು ಬೇರೆ ಕಡೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ತಮ್ಮ ಈ ಸಿದ್ಧಾಂತ ಇಂದಿನ ಅಮೆರಿಕಕ್ಕಿಂತ ಅಲ್ಲಿನ ಹಳೆಯ ಕಾರ್ಖಾನೆಗಳ ಕಾಲಕ್ಕೆ, ಹಾಗೂ ಚೀನಾದಂಥ ಬೆಳೆಯುತ್ತಿರುವ ದೇಶಗಳಿಗೆ ಹೆಚ್ಚು ಹೊಂದುತ್ತದೆ ಎಂದು ಕ್ರುಗ್‌ಮನ್ ಅವರೇ ಒಪ್ಪಿಕೊಂಡಿದ್ದಾರೆ. ಬೆಂಗಳೂರಿನ ಬಹುಪಾಲು ಸಂಪತ್ತು ಬಂದದ್ದು ಸಾಫ್ಟ್‌ವೇರಿನಿಂದ. ಅದಕ್ಕೆ ಲಾರಿ ಬಾಡಿಗೆ ಇಲ್ಲ. ಸುಳಿಯ ತರ್ಕ ಅಲ್ಲೂ ನಡೆಯುತ್ತದೆ, ಆದರೆ ಅಲ್ಲಿ ಒಬ್ಬರನ್ನೊಬ್ಬರು ಎಳೆಯುವುದು ಸರಕಲ್ಲ, ಕಲಿತ ಜನ.

ಮುಯ್ಯಾಳಿನ ಪಾಠ

ಸಿದ್ಧಾಂತಿ ಕ್ರುಗ್‌ಮನ್ ಸಾರ್ವಜನಿಕ ಬರಹಗಾರ ಕ್ರುಗ್‌ಮನ್ ಆದದ್ದು ಹೇಗೆ ಎಂಬುದೂ ನಮಗೆ ಬೇಕಾದ ವಿಷಯ. 1982–83ರಲ್ಲಿ ಅವರು ರೇಗನ್ ಆಡಳಿತದ ಆರ್ಥಿಕ ಸಲಹಾ ಮಂಡಳಿಯ ಸಿಬ್ಬಂದಿಯಲ್ಲಿದ್ದರು. 90ರ ದಶಕದಲ್ಲಿ ಸಾಮಾನ್ಯ ಓದುಗರಿಗೆ ಬರೆಯಲು ಶುರು ಮಾಡಿದರು. 2000ದಿಂದ 2024ರ ಡಿಸೆಂಬರ್‌ವರೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅಂಕಣ ಬರೆದರು. ಇರಾಕ್ ಯುದ್ಧ, ಶ್ರೀಮಂತರ ತೆರಿಗೆ ಕಡಿತ, 2008ರ ಕುಸಿತ, ಯುರೋಪಿನ ಖರ್ಚು ಕಡಿತ, ಎಲ್ಲದರ ಮೇಲೂ ಬರೆದರು.

ಅವರ ಬರಹದ ಶಕ್ತಿಗೆ ನನಗೆ ಮೆಚ್ಚಿನ ಉದಾಹರಣೆ 90ರ ದಶಕದ್ದು. ವಾಷಿಂಗ್ಟನ್ನಿನಲ್ಲಿ ಸುಮಾರು 150 ದಂಪತಿಗಳು ಒಬ್ಬರ ಮಕ್ಕಳನ್ನು ಒಬ್ಬರು ನೋಡಿಕೊಳ್ಳುವ ಕೂಟ ಕಟ್ಟಿಕೊಂಡಿದ್ದರು, ಲೆಕ್ಕಕ್ಕೆ ಕೂಪನ್ನುಗಳು. ಕೂಪನ್ ಸಾಲದು ಎನಿಸಿದಾಗ ಎಲ್ಲರೂ ಕೂಡಿಡಲು ಶುರು ಮಾಡಿದರು. ಯಾರೂ ಸಂಜೆ ಹೊರಗೆ ಹೋಗಲೊಲ್ಲರು, ಎಲ್ಲರೂ ಬೇರೆಯವರ ಮಕ್ಕಳನ್ನು ನೋಡಿಕೊಳ್ಳಲು ಸಿದ್ಧ. ಕೂಟವೇ ನಿಂತುಹೋಗುವಂತಾಯಿತು. ಇನ್ನಷ್ಟು ಕೂಪನ್ ಹಂಚಿದ ಮೇಲೆ ಸರಿಹೋಯಿತು. ಆರ್ಥಿಕ ಹಿಂಜರಿತ ಎಂದರೆ ಜನರ ಸೋಮಾರಿತನವೂ ಅಲ್ಲ, ಯಾರದೋ ಪಾಪದ ಫಲವೂ ಅಲ್ಲ, ಕೂಪನ್ನಿನ ಕೊರತೆ ಎಂಬುದು ಅವರ ವಿವರಣೆ. ನಾನು ಇದನ್ನು ತರಗತಿಯಲ್ಲಿ ಮುಯ್ಯಾಳಿಗೆ ಇಳಿಸಿ ಹೇಳುತ್ತೇನೆ. ನಾಟಿಗೆ ಇವತ್ತು ನಮ್ಮ ಮನೆಯವರು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಮುಯ್ಯಿ ತೀರಿಸಿಕೊಳ್ಳುವುದನ್ನು ಎಲ್ಲರೂ ಮುಂದಕ್ಕೆ ಹಾಕಿ, ಬರೀ ಕೂಡಿಡಲು ಹೊರಟರೆ ಯಾರ ನಾಟಿಯೂ ಆಗದು. ಹಳ್ಳಿಯ ಹುಡುಗರಿಗೆ ಒಂದೇ ಏಟಿಗೆ ಅರ್ಥವಾಗುತ್ತದೆ.

ಅಂಕಣಗಳ ಕಡೆಯ ವರ್ಷಗಳಲ್ಲಿ ಪಕ್ಷ ರಾಜಕೀಯದ ಜಗಳ ಹೆಚ್ಚಾಗಿ, ಈ ಬಗೆಯ ವಿವರಣೆ ಕಡಿಮೆಯಾಯಿತು ಎಂಬುದು ನನ್ನ ಅನಿಸಿಕೆ. ತಪ್ಪಿದ್ದೂ ಇದೆ. ಅರ್ಥವ್ಯವಸ್ಥೆಯ ಮೇಲೆ ಇಂಟರ್ನೆಟ್ಟಿನ ಪರಿಣಾಮ ಫ್ಯಾಕ್ಸ್ ಯಂತ್ರದ್ದಕ್ಕಿಂತ ಹೆಚ್ಚಿರದು ಎಂದು 1998ರಲ್ಲಿ ಬರೆದರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಾಗಿದರೆ ಅದು ಎಷ್ಟು ತಪ್ಪೆಂದು ಗೊತ್ತಾಗುತ್ತದೆ. 2021ರ ಹಣದುಬ್ಬರವನ್ನು ಕಡಿಮೆ ಅಂದಾಜು ಮಾಡಿದ್ದರು, 2022ರಲ್ಲಿ ತಪ್ಪಾಯಿತೆಂದು ಅದೇ ಅಂಕಣದಲ್ಲಿ ಬರೆದರು.

ಎಲ್ಲಕ್ಕಿಂತ ದೊಡ್ಡ ತಪ್ಪೊಪ್ಪಿಗೆ 2019ರದು. ಬಡ ದೇಶಗಳಿಂದ ಬರುವ ಅಗ್ಗದ ಸರಕು ಅಮೆರಿಕದ ಕಾರ್ಮಿಕರ ಸಂಬಳವನ್ನು ಎಷ್ಟು ಇಳಿಸಿತು ಎಂದು 90ರ ದಶಕದಲ್ಲಿ ಅವರೂ ಸೇರಿದಂತೆ ಹಲವರು ಲೆಕ್ಕ ಹಾಕಿ, ಪರಿಣಾಮ ಸಣ್ಣದು ಎಂದಿದ್ದರು. ಅವರು ನೋಡಿದ್ದು ಇಡೀ ದೇಶದ ಸರಾಸರಿ. ಮುಂದೆ ಚೀನಾದ ಸರಕು ಪ್ರವಾಹದಂತೆ ಬಂದಾಗ ಒಂದೇ ಉದ್ಯಮವನ್ನು ನಂಬಿದ್ದ ಊರುಗಳು ಮುಳುಗಿಹೋದವು. ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರು 2013ರಲ್ಲಿ ಪ್ರದೇಶ ಪ್ರದೇಶವಾಗಿ ಅಳೆದು ತೋರಿಸಿದ ಮೇಲೆ ಅದು ಎಲ್ಲರಿಗೂ ಕಂಡಿತು. ಕೆಲವು ಊರುಗಳ ಮೇಲೆ ಮಾತ್ರ ಬೀಳುವ ಪೆಟ್ಟಿನ ಪ್ರಶ್ನೆಯನ್ನು ತಾವು ಕೇಳಲೇ ಇಲ್ಲ ಎಂದು ಕ್ರುಗ್‌ಮನ್ ಬರೆದರು. ಊರುಗಳ ಅರ್ಥಶಾಸ್ತ್ರಕ್ಕೇ ನೊಬೆಲ್ ಪಡೆದವರು ಊರನ್ನು ಮರೆತದ್ದು ನನ್ನನ್ನು ಬಹಳ ದಿನ ಕಾಡಿದೆ. ಸರಾಸರಿ ಎಂಬುದು ಎಂಥ ಜಾಣರ ಕಣ್ಣನ್ನೂ ಕಟ್ಟಿಬಿಡುತ್ತದೆ.

ನಮಗೂ ಅದು ಅನುಭವವಾಗಿದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಲಾಯಿತು. ದೇಶದ ಸರಾಸರಿಯಲ್ಲಿ ಅದು ಕಾಣದಷ್ಟು ಸಣ್ಣ ಸಂಖ್ಯೆ. ನೇಯುವವರಿಗೆ ಅಗ್ಗದ ನೂಲು ಸಿಕ್ಕಿತು ಎನ್ನುವುದೂ ನಿಜ. ಆದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಆ ವರ್ಷ ದರ ಬಿದ್ದಾಗ ಹಿಪ್ಪುನೇರಳೆ ಕಿತ್ತು ಹಾಕಿದ ರೈತರಿಗೆ ಸರಾಸರಿಯ ಸಮಾಧಾನ ಎಲ್ಲಿಂದ ಬರಬೇಕು?

ತಾಲ್ಲೂಕು ನೋಡಿದ ನಂಜುಂಡಪ್ಪ

ಈ ತಪ್ಪನ್ನು ಮಾಡದ ಅರ್ಥಶಾಸ್ತ್ರಜ್ಞರೊಬ್ಬರು ನಮ್ಮಲ್ಲೇ ಇದ್ದರು. ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿಯ ಹೆಚ್ಚುಗಾರಿಕೆ ನನ್ನ ಪ್ರಕಾರ ಅದರ ಶಿಫಾರಸುಗಳಿಗಿಂತ ಅದು ಹಿಡಿದ ಅಳತೆಗೋಲಿನಲ್ಲಿದೆ. ಜಿಲ್ಲೆಯ ಸರಾಸರಿ ಬಿಟ್ಟು ತಾಲ್ಲೂಕಿಗೆ ಇಳಿದರು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲೂ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿದರು. ಉತ್ತರ ಕರ್ನಾಟಕದ ಜೊತೆಗೆ ರಾಜಧಾನಿಗೆ ಹತ್ತಿರದ ಬಾಗೇಪಲ್ಲಿ, ಪಾವಗಡಗಳೂ ಹಿಂದುಳಿದವರ ಪಟ್ಟಿಯಲ್ಲಿ ಕಂಡದ್ದು ಹಾಗೆ. ಬೆಂಗಳೂರಿಗೆ ಹತ್ತಿರ ಇರುವುದೇ ಭಾಗ್ಯವಾಗಿದ್ದರೆ ಬಾಗೇಪಲ್ಲಿ ಆ ಪಟ್ಟಿಯಲ್ಲಿ ಇರಬಾರದಿತ್ತು. ಈಗ ಆ ಊರಿಗೆ ಭಾಗ್ಯನಗರ ಎಂಬ ಹೆಸರಿಡಲು ಅದೇ ನಂದಿ ಬೆಟ್ಟದ ಸಭೆಯಲ್ಲಿ ತೀರ್ಮಾನವಾಗಿದೆ. ಹೆಸರಿಗೆ ತಕ್ಕ ಭಾಗ್ಯ ಬರಲಿ ಎಂದು ಮನಸಾರೆ ಹಾರೈಸುತ್ತೇನೆ.

ನಂಜುಂಡಪ್ಪ ವರದಿಯ ನಂತರದ ಬದಲಾವಣೆಗಳನ್ನು ಮತ್ತೆ ಅಳೆಯಲು 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಸಮಿತಿ ರಚನೆಯಾಯಿತು. ಈಗ ತಾಲ್ಲೂಕಿನ ಅಳತೆಯೂ ದೊಡ್ಡದಾಗಿದೆ ಎಂಬುದು ನನ್ನ ಅನುಭವ. ನರಸಾಪುರ ಹೋಬಳಿಯ ಕಾರ್ಖಾನೆಗಳ ಉತ್ಪನ್ನವನ್ನು ಕೋಲಾರ ತಾಲ್ಲೂಕಿನ ಲೆಕ್ಕಕ್ಕೆ ಸೇರಿಸಿದರೆ, ಪಕ್ಕದ ಹೋಬಳಿಯ ಟೊಮೆಟೊ ರೈತ ಕಾಗದದ ಮೇಲೆ ಶ್ರೀಮಂತನಾಗುತ್ತಾನೆ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಇಡೀ ದೇಶ ನೋಡಿತು. ಅದೇ ಬಾಕ್ಸ್ ಕೀಳುವ ಕೂಲಿಗೂ ಗಿಟ್ಟದೆ ರಸ್ತೆ ಬದಿಗೆ ಸುರಿದುಹೋದ ದಿನಗಳನ್ನು ನೋಡುವವರು ನಾವು ಮಾತ್ರ.

ಮೆಟ್ರೊ ಬೇಡ, ರಸ್ತೆ ಬೇಡ ಎನ್ನುವವನು ನಾನಲ್ಲ. ದಿನಕ್ಕೆ ನಾಲ್ಕು ಗಂಟೆ ಪ್ರಯಾಣ ಮಾಡುವ ಹುಡುಗಿಗೆ ಎರಡು ಗಂಟೆ ಉಳಿದರೆ ಅದು ದೊಡ್ಡ ಲಾಭ. ಅವಳು ಬೆಂಗಳೂರಿನ ಪೀಜಿಗೆ ಸೇರುವ ಬದಲು ಅಮ್ಮನ ಮನೆಯಲ್ಲೇ ಉಳಿಯಬಹುದು. ಕ್ರುಗ್‌ಮನ್ ಅವರ 1991ರ ಲೆಕ್ಕದಲ್ಲಿ ಕೆಲಸಗಾರ ಎಲ್ಲಿ ದುಡಿಯುತ್ತಾನೋ ಅಲ್ಲೇ ಕೊಳ್ಳುತ್ತಾನೆ. ದಿನವೂ ಹೋಗಿಬರುವವರು ಆ ಲೆಕ್ಕದಲ್ಲಿ ಇಲ್ಲ. ಅವರ ಸಂಬಳ ತುಮಕೂರಿನ ಮಂಡಿಪೇಟೆಯಲ್ಲಿ ಖರ್ಚಾದರೆ ಸುಳಿ ಸ್ವಲ್ಪ ನಮ್ಮ ಕಡೆ ತಿರುಗುತ್ತದೆ. ಬೆಂಗಳೂರಿನ ಮಾಲಿನಲ್ಲಿ, ಇಲ್ಲವೇ ಮೊಬೈಲಿನಲ್ಲಿ ಖರ್ಚಾದರೆ ಊರು ಮಲಗುವ ಕೋಣೆಯಾಗುತ್ತದೆ. ತುಮಕೂರಿನ ಮೆಟ್ರೊ ವರದಿ ಸಿದ್ಧವಾಗುವಾಗ ಬೆಳಿಗ್ಗೆ ಅಲ್ಲಿಂದ ಹೊರಡುವವರ ಸಂಖ್ಯೆಯನ್ನು ಹೇಗೂ ಎಣಿಸುತ್ತಾರೆ. ಬೆಳಿಗ್ಗೆ ಬೆಂಗಳೂರಿನಿಂದ ತುಮಕೂರಿಗೆ ಕೆಲಸಕ್ಕೆ ಬರುವವರು ಎಷ್ಟು, ಅವರ ಸಂಖ್ಯೆ ಹೆಚ್ಚಲು ಏನು ಮಾಡಬೇಕು ಎಂಬ ಪುಟವೂ ಅದರಲ್ಲಿ ಇರಬೇಕು. ಎಕ್ಸ್‌ಪ್ರೆಸ್‌ವೇಗೆ ಜಮೀನು ಬಿಟ್ಟುಕೊಟ್ಟ ಬಂಗಾರಪೇಟೆಯ ಸುತ್ತ ಸಣ್ಣ ಉದ್ಯಮಗಳಿಗೆ ಶೆಡ್ಡು, ಶೀತಲಗೃಹ, ಸಾಲ ಯಾವಾಗ ಬರುತ್ತದೆ ಎಂಬುದಕ್ಕೂ ಒಂದು ಪುಟ.

ಈ ಸೆಮಿಸ್ಟರಿನ ವಿದ್ಯಾರ್ಥಿಗಳಿಗೆ ಅದರ ಒಂದು ತುಣುಕನ್ನು ಪ್ರಾಜೆಕ್ಟ್ ಆಗಿ ಕೊಟ್ಟಿದ್ದೇನೆ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಕೋಲಾರದ ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಹೊರಡುವವರನ್ನು ಮೂರು ಪ್ರಶ್ನೆ ಕೇಳಬೇಕು: ಎಲ್ಲಿಗೆ ಹೋಗುತ್ತೀರಿ, ತಿಂಗಳ ರೇಷನ್ ಎಲ್ಲಿ ತರುತ್ತೀರಿ, ಹಬ್ಬದ ಬಟ್ಟೆ ಎಲ್ಲಿ ಕೊಳ್ಳುತ್ತೀರಿ. ಎರಡು ತಂಡ ಮಾಡಿದ್ದೇವೆ. ಬಂಗಾರಪೇಟೆ ರೈಲ್ವೆ ಸ್ಟೇಷನ್ನಿಗೆ ಇನ್ನೊಂದು ತಂಡ ಬೇಕು, ಅಲ್ಲಿಯ ಹುಡುಗರು ಯಾರಾದರೂ ಮುಂದೆ ಬಂದರೆ ಪ್ರಶ್ನಾವಳಿ ನಾನು ಕೊಡುತ್ತೇನೆ.